45 ಡಿಗ್ರಿ ಬಿಸಿಲಲ್ಲಿ ಟೈ ಕಟ್ಟಿಕೊಂಡು ಬಂದ ಹುಡುಗರು

ಪ್ರಶ್ನೆ: ನಾನು ದಾವಣಗೆರೆಯವಳು. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಮೊನ್ನೆ ಸಂಜೆ ನಾಲ್ಕಕ್ಕೆ, ಹೊರಗೆ 45 ಡಿಗ್ರಿ ಇದ್ದಾಗ, ಇಬ್ಬರು ಹುಡುಗರು ಸೈಕಲ್‌ನಲ್ಲಿ ಬಂದು ಬೆಲ್ ಮಾಡಿದರು. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ. ಮುಖ ಕೆಂಡದಂತಾಗಿತ್ತು. ಮನೆಯಲ್ಲಿ ನಾನೊಬ್ಬಳೇ. ಒಳಗೆ ಬನ್ನಿ ಅಂದರೆ ಬರಲಿಲ್ಲ, ಕಾಫಿ ಕೊಡಲೇ ಅಂದರೆ ಬೇಡ ಅಂದರು. ನೀರು ಕುಡಿದು ಹೋದರು. ಮಾರ್ಮನ್ ಮಿಷನರಿಗಳು ಎಂದು ಸೊಸೆ ಹೇಳಿದಳು. ನಾನೇನಾದರೂ ತಪ್ಪು ಮಾಡಿದೆನೇ? ಈ ಬಿಸಿಲಲ್ಲಿ ಇವರು ದಿನಾ ಹೇಗೆ ಓಡಾಡುತ್ತಾರೆ? ಮತ್ತೆ ಬಂದರೆ ಏನು ಕೊಡಬಹುದು?

ಉತ್ತರ: ನಿಮ್ಮದೇನೂ ತಪ್ಪಿಲ್ಲ. ಒಳಗೆ ಬರದಿದ್ದದ್ದೂ ಕಾಫಿ ಬೇಡ ಎಂದದ್ದೂ ಎರಡೂ ಅವರ ನಿಯಮ. ಹೆಂಗಸೊಬ್ಬರೇ ಇರುವ ಮನೆಯೊಳಗೆ ಗಂಡು ಮಿಷನರಿಗಳು ಕಾಲಿಡುವುದಿಲ್ಲ. ಮಗ ಮನೆಯಲ್ಲಿದ್ದಿದ್ದರೆ ಬಂದು ಕೂರುತ್ತಿದ್ದರು. ಕಾಫಿ, ಟೀ, ಮದ್ಯ, ತಂಬಾಕು ಅವರ ಧರ್ಮದಲ್ಲೇ ನಿಷಿದ್ಧ. ಕಾಫಿಯನ್ನು ಐಸ್ ಹಾಕಿ ತಣ್ಣಗೆ ಮಾಡಿ ಕೊಟ್ಟರೂ ಕುಡಿಯುವುದಿಲ್ಲ.

ಮೊದಲು ಅವರು ಯಾರೆಂದು ಹೇಳಿಬಿಡುತ್ತೇನೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ, ಈಗ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ ಚರ್ಚಿನವರು. ಮಾರ್ಮನ್ ಎಂಬುದು ಜನ ಕರೆದು ರೂಢಿಯಾದ ಹೆಸರು. ಅದರ ಬದಲು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಪೂರ್ತಿ ಹೆಸರನ್ನೇ ಬಳಸಿ ಎಂದು 2018ರಲ್ಲಿ ಅವರ ಅಧ್ಯಕ್ಷರು ಕೇಳಿಕೊಂಡಿದ್ದರು. ನಿಮಗೆ ಅರ್ಥವಾಗಲಿ ಎಂದು ಇಲ್ಲಿ ರೂಢಿಯ ಹೆಸರನ್ನೇ ಬಳಸುತ್ತಿದ್ದೇನೆ. ಹುಡುಗರು 18 ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮನೆ ಬಿಟ್ಟು ಸೇವೆ ಮಾಡುತ್ತಾರೆ. ಸಂಬಳವಿಲ್ಲ, ಬದಲಿಗೆ ಮನೆಯವರೇ ಕಟ್ಟಬೇಕು. ಅಮೆರಿಕದಿಂದ ಹೋಗುವವರಿಗೆ 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್, ಎರಡು ವರ್ಷಕ್ಕೆ 12,000. ಟೋಕಿಯೊಗೆ ಕಳಿಸಿದರೂ ಅಷ್ಟೇ, ಫೀನಿಕ್ಸಿಗೆ ಕಳಿಸಿದರೂ ಅಷ್ಟೇ. ದುಡ್ಡು ಒಂದೇ ನಿಧಿಗೆ ಹೋಗಿ, ಅಲ್ಲಿಂದ ಬಾಡಿಗೆಗೂ ಊಟದ ಖರ್ಚಿಗೂ ಹಂಚಿಕೆಯಾಗುತ್ತದೆ. ಎಲ್ಲಿಗೆ ಹೋಗಬೇಕೆಂದು ಹುಡುಗ ಆರಿಸಿಕೊಳ್ಳುವಂತಿಲ್ಲ, ಸಾಲ್ಟ್ ಲೇಕ್‌ನಿಂದ ಆದೇಶ ಬರುತ್ತದೆ. ನಮ್ಮ ಬೆಂಗಳೂರಿನಲ್ಲೂ 1993ರಿಂದ ಇವರ ಮಿಷನ್ ಇದೆ.

ಬಿಸಿಲಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಇದು. ಹದಿನೆಂಟು ಹತ್ತೊಂಬತ್ತರ ಗಟ್ಟಿಮುಟ್ಟು ಹುಡುಗರು ಬಿಸಿಲನ್ನು ತಾಳಿಕೊಳ್ಳುತ್ತಾರೆ. ಅವರಿಗೆ ತೊಂದರೆಯಾಗುವುದು ನಿಯಮ ಒಂದು ಕಡೆಗೂ ಹವೆ ಇನ್ನೊಂದು ಕಡೆಗೂ ಎಳೆಯುವ ಕೆಲವು ಜಾಗಗಳಲ್ಲಿ.

ಮೊದಲನೆಯದು ಗಡಿಯಾರ. ಫೀನಿಕ್ಸ್‌ನಲ್ಲಿ ಜುಲೈಯಲ್ಲಿ ಐದೂವರೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ದಿನದ ಅತಿ ತಂಪು ಹೊತ್ತು ಅದೇ. ಮಿಷನರಿಯ ದಿನಚರಿಯಲ್ಲಿ ಏಳುವುದು ಸಾಮಾನ್ಯವಾಗಿ ಆರೂವರೆಗೆ. ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಒಬ್ಬೊಬ್ಬರೇ ಓದು, ಜೊತೆಗಾರನೊಂದಿಗೆ ಓದು. ಹೊರಗೆ ಕಾಲಿಡುವಾಗ ಹತ್ತಾಗಿರುತ್ತದೆ, ಅಷ್ಟರಲ್ಲಿ ಉಷ್ಣತೆ 35ರ ಆಸುಪಾಸಿಗೆ ಏರಿರುತ್ತದೆ. ರಾತ್ರಿ ಒಂಬತ್ತಕ್ಕೆ ಮನೆ ಸೇರಬೇಕು. ಯಾರಿಗಾದರೂ ಧರ್ಮದ ಪಾಠ ನಡೆಯುತ್ತಿದ್ದರೆ ಒಂಬತ್ತೂವರೆ. ಹತ್ತೂವರೆಗೆ ದೀಪ ಆರಬೇಕು. ಅಂದರೆ ತಂಪಿನ ಎರಡು ತುದಿಗಳೂ ಕತ್ತರಿಸಿಹೋಗಿ, ನಡುವಿನ ಉರಿ ಮಾತ್ರ ಪಾಲಿಗೆ ಬರುತ್ತದೆ. 2017ರಿಂದ ದಿನಚರಿಯಲ್ಲಿ ಸ್ವಲ್ಪ ಸಡಿಲಿಕೆ ಇದೆ. ಯೋಚನೆ ಇರುವವರು ಬೇಸಿಗೆಯಲ್ಲಿ ಓದನ್ನು ಮಧ್ಯಾಹ್ನಕ್ಕೆ ತಳ್ಳಿ, ಮನೆಮನೆಯ ಕೆಲಸವನ್ನು ಬೆಳಿಗ್ಗೆ ಹನ್ನೊಂದರ ಒಳಗೂ ಸಂಜೆ ಆರರ ಮೇಲೂ ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನದ ಮೂರು ನಾಲ್ಕು ಗಂಟೆಗೆ ಫೋನ್ ಕರೆ, ಸಂದೇಶ, ಆನ್‌ಲೈನ್ ಪಾಠ, ಆಹಾರ ಹಂಚುವ ಕೇಂದ್ರದಲ್ಲಿ ಸೇವೆ, ಹೀಗೆ ಸೂರಿನಡಿಯ ಕೆಲಸ. ಹಾಗಿದ್ದರೆ ನಾಲ್ಕಕ್ಕೆ ನಿಮ್ಮ ಬಾಗಿಲಿಗೆ ಹೇಗೆ ಬಂದರು? ಒಂದು ಪಾಠ ಮುಗಿಸಿ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ನಡುವೆ ಸಿಗುವ ಮನೆಗಳ ಬೆಲ್ ಮಾಡುವುದುಂಟು, ಅಥವಾ ಹೇಳಿದ ಸಮಯಕ್ಕೆ ಯಾರೋ ಮನೆಯಲ್ಲಿ ಇಲ್ಲದೆ ಕೈಕೊಟ್ಟಿರಬಹುದು. ಬೇಸಿಗೆಯಲ್ಲಿ ಅವರ ಯೋಜನೆ ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ಎರಡನೆಯದು ವರ್ಗಾವಣೆ. ಆರು ವಾರಕ್ಕೊಮ್ಮೆ ಬದಲಾವಣೆಯ ದಿನ ಬರುತ್ತದೆ, ಯಾರು ಎಲ್ಲಿಗೆ, ಯಾರ ಜೊತೆಗೆ ಎಂಬುದು ಆವತ್ತು ತೀರ್ಮಾನ. ಯೂಟಾದ ಪ್ರೋವೊ ತರಬೇತಿ ಕೇಂದ್ರದ ಏಸಿ ಕೋಣೆಯಿಂದ ಹೊಸ ಹುಡುಗ ಜುಲೈಯಲ್ಲಿ ನೇರ ಫೀನಿಕ್ಸಿಗೆ ಇಳಿಯಬಹುದು. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುವುದನ್ನೂ, ಬೆವರಿನಲ್ಲಿ ಉಪ್ಪು ಕಡಿಮೆ ಬಿಡುವುದನ್ನೂ ದೇಹ ಕಲಿಯುತ್ತದೆ. ಬಿಸಿಲಲ್ಲಿ ದುಡಿಯುವ ಹೊಸ ಕಾರ್ಮಿಕರಿಗೆ ಅಮೆರಿಕದಲ್ಲಿ ಹೇಳುವ ಲೆಕ್ಕ ಇಲ್ಲಿಗೂ ಸರಿಹೊಂದುತ್ತದೆ. ಮೊದಲ ದಿನ ಪೂರ್ತಿ ಕೆಲಸದ ಶೇ 20ರಷ್ಟು, ಆಮೇಲೆ ದಿನಕ್ಕೆ ಶೇ 20ರಂತೆ ಏರಿಸುತ್ತ ಹೋಗಬೇಕು. ತರಬೇತಿ ಕೊಡುವ ಹಿರಿಯ ಜೊತೆಗಾರ ಈಗಾಗಲೇ ಒಗ್ಗಿದವನು, ಅವನ ವೇಗಕ್ಕೆ ಹೊಸಬ ಸೈಕಲ್ ತುಳಿಯಲು ಹೋದರೆ ಮೂರನೇ ದಿನಕ್ಕೇ ಹಾಸಿಗೆ. ಇಬ್ಬರೂ ಎಳೆಯರು. "ಇವತ್ತಿಗೆ ಸಾಕು" ಎಂದು ಮೊದಲು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಒಪ್ಪಂದ ಮಾಡಿಕೊಳ್ಳುವುದು ಜಾಣತನ: ಇಬ್ಬರಲ್ಲಿ ಯಾರಿಗೆ ತಲೆನೋವು ಬಂದರೂ ಚರ್ಚೆಯಿಲ್ಲದೆ ಇಬ್ಬರೂ ಒಳಗೆ.

ಫೀನಿಕ್ಸಿನ ಬಿಸಿಲನ್ನು ದಾವಣಗೆರೆಯ ಏಪ್ರಿಲ್ ಲೆಕ್ಕದಲ್ಲಿ ಅಳೆಯಬೇಡಿ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ 31 ದಿನ ಸತತವಾಗಿ 43.3 ಡಿಗ್ರಿ, ಅಂದರೆ ಅವರ ಫ್ಯಾರನ್‌ಹೀಟ್ ಲೆಕ್ಕದ 110, ಮುಟ್ಟಿತ್ತು ಇಲ್ಲವೇ ದಾಟಿತ್ತು. ಅದೇ ಜುಲೈ 19ರಂದು ಕನಿಷ್ಠ ಉಷ್ಣತೆಯೇ 36 ಡಿಗ್ರಿ. ಮಧ್ಯಾಹ್ನ ಡಾಮರು ರಸ್ತೆ 70 ಡಿಗ್ರಿಗೂ ಮೇಲೆ ಕಾಯುತ್ತದೆ, ಬಿದ್ದವನ ಅಂಗೈ ಸುಟ್ಟು ಬೊಬ್ಬೆ ಏಳುತ್ತದೆ. ಇದು ಒಣ ಸೆಕೆ. ಬೆವರು ಅಂಗಿ ಒದ್ದೆ ಮಾಡುವ ಮೊದಲೇ ಆರಿಹೋಗುವುದರಿಂದ ತನಗೆ ಬೆವರೇ ಬರುತ್ತಿಲ್ಲ ಎಂದು ಹುಡುಗ ತಿಳಿದಿರುತ್ತಾನೆ, ಅಷ್ಟರಲ್ಲಿ ಲೀಟರ್‌ಗಟ್ಟಲೆ ನೀರು ಮೈಯಿಂದ ಹೋಗಿರುತ್ತದೆ. ಬ್ಯಾಗಿನ ಪಟ್ಟಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಅದೇ ಸಾಕ್ಷಿ.

ಬಾಯಾರಿಕೆಗೆ ಕಾಯಬಾರದು. ಹೊರಗಿದ್ದಷ್ಟು ಹೊತ್ತು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ ಲೀಟರ್, ಅಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನೋಡುವವರಿಗೆ ಅದೂ ಬಿಸಿಲಿನ ಹೊಡೆತದಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ಎರಡು ಗಂಟೆಗಿಂತ ಹೆಚ್ಚು ತಿರುಗಿದರೆ ನೀರಿನ ಜೊತೆ ಉಪ್ಪೂ ಬೇಕು. ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಇದಕ್ಕಿಂತ ಅಗ್ಗದ ಔಷಧ ಇಲ್ಲ. ಬಾಟಲಿಯಲ್ಲಿ ಮೂರನೇ ಎರಡು ಭಾಗ ನೀರು ತುಂಬಿ, ರಾತ್ರಿ ಫ್ರೀಜರಿನಲ್ಲಿ ಮಲಗಿಸಿಟ್ಟು, ಬೆಳಿಗ್ಗೆ ಮೇಲಿಂದ ನೀರು ಹಾಕಿಕೊಂಡು ಹೊರಟರೆ ಮಧ್ಯಾಹ್ನದವರೆಗೂ ತಂಪಾಗಿರುತ್ತದೆ. ನಿಲ್ಲಿಸಿಟ್ಟರೆ ಐಸು ಬಾಯಿಗೆ ಬಿರಡೆ ಹಾಕಿದಂತೆ ಕೂತು, ಕೆಳಗಿನ ನೀರು ಹೊರಗೆ ಬರುವುದಿಲ್ಲ.

ನೀರು ಇದ್ದೂ ಕುಡಿಯದಿರಲು ಯಾರೂ ಬಾಯಿಬಿಟ್ಟು ಹೇಳದ ಕಾರಣವೊಂದಿದೆ, ಶೌಚಾಲಯ. ಮನೆಗಳೇ ಇರುವ ಬೀದಿಯಲ್ಲಿ ಹೋಗುವುದೆಲ್ಲಿಗೆ? ಅದಕ್ಕೆ ಹೆದರಿ ಕಡಿಮೆ ಕುಡಿಯುತ್ತಾರೆ, ಹುಡುಗಿಯರಂತೂ ಇನ್ನೂ ಕಡಿಮೆ. ಉಪಾಯವಿರುವುದು ದಾರಿ ಗೊತ್ತುಮಾಡುವುದರಲ್ಲಿ: ಒಂದೂವರೆ ಗಂಟೆಗೊಮ್ಮೆ ಚರ್ಚಿನ ಕಟ್ಟಡವೋ ಲೈಬ್ರರಿಯೋ ಪೆಟ್ರೋಲ್ ಬಂಕೋ ಸಿಗುವ ಹಾಗೆ ಸುತ್ತು ಹಾಕಿಕೊಳ್ಳಬೇಕು. ಆ ಭಾಗದಲ್ಲಿ ಅದು ಕಷ್ಟವಲ್ಲ. ಪಕ್ಕದ ಮೇಸಾ ಊರನ್ನು 1878ರಲ್ಲಿ ಕಟ್ಟಿದವರೇ ಮಾರ್ಮನ್ ವಲಸಿಗರು, ಅಲ್ಲಿನ ಮೂಲನಿವಾಸಿಗಳಾದ ಹೊಹೊಕಮ್ ಜನರ ಪುರಾತನ ಕಾಲುವೆಗಳ ಜಾಡಿನಲ್ಲೇ ನೀರು ಹರಿಸಿ. ಅಲ್ಲಿ ಅವರ ದೇವಾಲಯ 1927ರಿಂದ ಇದೆ, ಪ್ರಾರ್ಥನಾ ಮಂದಿರಗಳು ಹೆಜ್ಜೆ ಹೆಜ್ಜೆಗೂ ಇವೆ. ಸಂಜೆಯ ಊಟದ ಚಿಂತೆ ಕಡಿಮೆಯಾಗಿರುವುದಕ್ಕೂ ಅದೇ ಕಾರಣ. ಸ್ಥಳೀಯ ಸದಸ್ಯರು ಸರದಿಯ ಮೇಲೆ ಕರೆದು ಬಡಿಸುತ್ತಾರೆ. ಬೆಳಿಗ್ಗೆ ಹಾಲು–ಸೀರಿಯಲ್, ಮಧ್ಯಾಹ್ನ ಬ್ರೆಡ್ಡಿನ ಮಧ್ಯೆ ಏನಾದರೂ.

ತಿಂಗಳ ಮೊದಲ ಭಾನುವಾರ ಮಾತ್ರ ಬೇರೆ. ಅಂದು ಎರಡು ಹೊತ್ತಿನ ಊಟ ಬಿಡುವ ಉಪವಾಸ, ನೀರೂ ಇಲ್ಲ, ಸುಮಾರು 24 ಗಂಟೆ. ನಮ್ಮ ನಿರ್ಜಲ ಏಕಾದಶಿ ಕಡುಬೇಸಿಗೆಯಲ್ಲೇ ಬರುವುದು ನಿಮಗೆ ಗೊತ್ತಲ್ಲ, ಆದರೆ ಅಂದು ಯಾರೂ ಸೈಕಲ್ ತುಳಿಯುವುದಿಲ್ಲ. ಮೈಗೆ ಆಗದವರು ಮಾಡಬೇಕಿಲ್ಲ ಎಂಬ ವಿನಾಯಿತಿ ಅವರಲ್ಲೂ ಇದೆ. ಜುಲೈ, ಆಗಸ್ಟಿನ ಆ ಭಾನುವಾರ ಹೊರಗೆ ತಿರುಗುವುದೇ ಆದರೆ ನೀರು ಕುಡಿಯಬೇಕು, ನೀರು ಬಿಡುವುದೇ ಆದರೆ ಆರಾಧನೆ ಮುಗಿಸಿ ಮನೆಯೊಳಗೇ ಉಳಿಯಬೇಕು. ಎರಡೂ ಒಟ್ಟಿಗೆ ಬೇಡ. ಇದರಲ್ಲಿ ನಾನು ರಾಜಿಯಾಗುವವನಲ್ಲ.

ಇನ್ನು ಬಟ್ಟೆ. ಕೋಟು ಬೇಸಿಗೆಯಲ್ಲಿ ಭಾನುವಾರಕ್ಕಷ್ಟೇ. ಬಿಳಿ ಅರ್ಧತೋಳಿನ ಶರ್ಟು ಬಿಸಿಲಿಗೆ ಒಳ್ಳೆಯದೇ, ತೊಂದರೆ ಕೊಡುವುದು ಟೈ. ಕತ್ತಿನ ಬಳಿ ಬಿಗಿದಾಗ ಅಂಗಿಯೊಳಗಿನ ಬಿಸಿಗಾಳಿ ಮೇಲಿಂದ ಹೊರಹೋಗುವ ದಾರಿ ಮುಚ್ಚುತ್ತದೆ. 2020ರಿಂದ ಕೆಲವು ಪ್ರದೇಶಗಳಲ್ಲಿ ಟೈ ಇಲ್ಲದೆ, ತಿಳಿನೀಲಿ ಶರ್ಟಿನಲ್ಲೂ ಓಡಾಡಲು ಒಪ್ಪಿಗೆ ಇದೆ, ಆಯಾ ಪ್ರದೇಶದ ನಾಯಕರು ನಿರ್ಧರಿಸುತ್ತಾರೆ. ಹುಡುಗಿಯರಿಗೆ 2018ರ ಡಿಸೆಂಬರಿನಿಂದ ಪ್ಯಾಂಟು ಹಾಕಲು ಅವಕಾಶ ಸಿಕ್ಕಿತು. ಅದಕ್ಕೆ ಮುಂಚೆ ಉದ್ದ ಸ್ಕರ್ಟು ಸೈಕಲ್ ಚೈನಿಗೆ ಸಿಕ್ಕಿಕೊಳ್ಳದಂತೆ ಕ್ಲಿಪ್ ಹಾಕಿ ತುಳಿಯಬೇಕಿತ್ತು. ಇವೆಲ್ಲದರ ಒಳಗೆ ದೇವಾಲಯದಲ್ಲಿ ದೀಕ್ಷೆ ಪಡೆದವರು ಧರಿಸುವ ಪವಿತ್ರವಾದ ಎರಡು ತುಂಡಿನ ಒಳಉಡುಪು ಇರುತ್ತದೆ, ಅದು ಇನ್ನೊಂದು ಪದರ. ಸೆಕೆಯ ದೇಶಗಳವರನ್ನು ನೆನೆದು ತೋಳಿಲ್ಲದ ಮಾದರಿಯನ್ನು 2024ರಲ್ಲಿ ಪ್ರಕಟಿಸಿದರು.

ಶರ್ಟುಗಳು ಕನಿಷ್ಠ ಒಂಬತ್ತು ಹತ್ತು ಬೇಕು, ಏಕೆಂದರೆ ಬಟ್ಟೆ ಒಗೆಯುವುದು ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ ಬರುವ ತಯಾರಿ ದಿನದಂದು. ಮನೆಗೆ ಫೋನು, ಸಾಮಾನು ಖರೀದಿ, ಕ್ಷೌರ, ಮನೆ ಸ್ವಚ್ಛತೆ ಎಲ್ಲ ಅಂದೇ, ಸಂಜೆ ಆರರವರೆಗೆ. ವಾರಕ್ಕೊಮ್ಮೆ ಫೋನು ಮಾಡಬಹುದು ಎಂದದ್ದೂ 2019ರಲ್ಲಿ, ಅದಕ್ಕೂ ಮೊದಲು ವರ್ಷಕ್ಕೆ ಎರಡೇ ಸಲ. ಬಿಳಿ ಶರ್ಟಿನ ಕಂಕುಳು ಹಳದಿಯಾಗುವುದಕ್ಕೆ ಬೆವರು ಮಾತ್ರ ಕಾರಣವಲ್ಲ, ಬೆವರು ತಡೆಯಲು ಹಚ್ಚುವ ಕಡ್ಡಿಯ ಅಲ್ಯೂಮಿನಿಯಂ ಬೆವರಿನೊಡನೆ ಸೇರಿ ಆ ಕಲೆ ಆಗುತ್ತದೆ. ಅದಕ್ಕೆ ಕ್ಲೋರಿನ್ ಬ್ಲೀಚ್ ಸುರಿದರೆ ಇನ್ನೂ ಹಳದಿ. ಆಕ್ಸಿಜನ್ ಬ್ಲೀಚ್ ಪುಡಿ ಕದಡಿದ ಬೆಚ್ಚನೆ ನೀರಲ್ಲಿ ಒಂದು ಗಂಟೆ ನೆನೆಸಿ ಒಗೆಯಬೇಕು. ಕಲೆ ಹೋಗುವ ಮುನ್ನ ಇಸ್ತ್ರಿ ಮುಟ್ಟಿಸಿದರೆ ಅದು ಖಾಯಂ. ಚರ್ಮದ ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಬೇಕು, ಒಳಗಿನ ತೇವ ಆರಲು ಅಷ್ಟು ಹೊತ್ತು ಬೇಕು. ಇಲ್ಲದಿದ್ದರೆ ಬೆರಳ ಸಂದು ಹುಣ್ಣಾಗಿ ತೊಡೆಸಂದಿನಲ್ಲಿ ಗಜಕರ್ಣ ಶುರುವಾಗುತ್ತದೆ. ಒಣ ಸೆಕೆಯಲ್ಲಿ ಕೆಲಸ ಮಾಡುವ ಇನ್ನೊಂದು ಉಪಾಯ, ಹತ್ತಿ ಬನಿಯನ್ನನ್ನು ನೀರಲ್ಲಿ ಅದ್ದಿ ಹಿಂಡಿ ಶರ್ಟಿನೊಳಗೆ ಹಾಕಿಕೊಳ್ಳುವುದು. ಅದು ಆರುವವರೆಗೆ ಮೈ ತಂಪು. ಜುಲೈ ಮಧ್ಯದಲ್ಲಿ ಅಲ್ಲಿನ ಮಳೆಗಾಲದ ತೇವ ಬಂದ ಮೇಲೆ ಇದು ನಡೆಯುವುದಿಲ್ಲ. ಚೆನ್ನೈಯಲ್ಲಂತೂ ಯಾವ ಕಾಲಕ್ಕೂ ನಡೆಯದು.

ಸೈಕಲ್‌ನ ಶತ್ರು ನಮ್ಮವನೇ, ನೆಗ್ಗಿಲು ಮುಳ್ಳು. ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ಅದೇ ಗಿಡ ಅರಿಜೋನಾದ ರಸ್ತೆ ಅಂಚಿನಲ್ಲೂ ಹಬ್ಬಿದೆ. ಪಂಕ್ಚರ್ ಆದರೆ ಟ್ಯೂಬು ಬದಲಿಸುವ ಆತುರದಲ್ಲಿ ಮುರಿದ ಮುಳ್ಳಿನ ತುದಿಯನ್ನು ಟೈರಿನಲ್ಲೇ ಬಿಟ್ಟರೆ ನೂರು ಗಜ ಹೋಗುವುದರಲ್ಲಿ ಮತ್ತೆ ಠುಸ್. ಟೈರಿನ ಒಳಮೈಯನ್ನು ಹಳೆ ಕಾಲುಚೀಲದಿಂದ ಸುತ್ತಲೂ ಒರೆಸಿ ನೋಡಬೇಕು. ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಬೆರಳಿನಿಂದ ಹುಡುಕಿದರೆ ಬೆರಳಿಗೇ ಹೋಗುತ್ತದೆ. ಪ್ಯಾಚ್ ಹಾಕುವುದಾದರೆ ನೆರಳಲ್ಲಿ ಹಾಕಬೇಕು. ಬಿಸಿಲಿಗೆ ಸೊಲ್ಯೂಷನ್ ಕ್ಷಣದಲ್ಲಿ ಒಣಗಿ ಹಿಡಿತವೇ ಬರುವುದಿಲ್ಲ. ಬಿಸಿಗೆ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆ ಎಂಬ ಮಾತು ಅರ್ಧ ಸತ್ಯ. 25 ಡಿಗ್ರಿಯಲ್ಲಿ 60 ಪಿಎಸ್ಐ ತುಂಬಿದ್ದು 45ಕ್ಕೆ 65ರ ಹತ್ತಿರ ಹೋಗುತ್ತದೆ, ಒಳ್ಳೆ ಟೈರು ತಡೆಯುತ್ತದೆ. ಸಿಡಿಯುವುದು ಬಿಸಿಲಿಗೆ ಸೀಳಿದ ಹಳೆ ರಬ್ಬರು, ಬಿಟ್ಟುಕೊಂಡ ಹಳೆ ಪ್ಯಾಚು. ಹೆಲ್ಮೆಟ್ ಕಡ್ಡಾಯ. ಬೀಗ ಬಿಸಿಲಲ್ಲಿ ಬಿಟ್ಟರೆ ಬರಿಗೈಯಲ್ಲಿ ಮುಟ್ಟಲಾಗದು.

ಕಾರು ಸಿಕ್ಕ ಜೋಡಿಗಳೂ ಇವೆ, ಆದರೆ ತಿಂಗಳಿಗೆ ಇಷ್ಟೇ ಮೈಲಿ ಎಂಬ ಮಿತಿ ಇರುತ್ತದೆ, ವೇಗ ಮೀರಿದರೆ ಎಚ್ಚರಿಸುವ ಪೆಟ್ಟಿಗೆ ಒಳಗೆ ಕೂತಿರುತ್ತದೆ. ರಿವರ್ಸ್ ತೆಗೆಯುವಾಗ ಜೊತೆಗಾರ ಕೆಳಗಿಳಿದು ಹಿಂದೆ ನಿಂತು ಕೈ ತೋರಿಸಬೇಕು. ಸೊಸೆಯನ್ನು ಕೇಳಿ, ಅಂಗಡಿ ಮುಂದಿನ ಪಾರ್ಕಿಂಗ್‌ನಲ್ಲಿ ಟೈ ಕಟ್ಟಿದ ಹುಡುಗ ಹೀಗೆ ಕೈ ಬೀಸುವುದನ್ನು ಅವರು ನೋಡಿರಬಹುದು. ಫೋನಿನ ಕಥೆ ಬೇರೆ. ಐಫೋನಿನಂಥವು ಸರಿಯಾಗಿ ನಡೆಯುವುದು 35 ಡಿಗ್ರಿಯವರೆಗೆ. ಹ್ಯಾಂಡಲ್ ಮೇಲೆ ಬಿಸಿಲಿಗೆ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತದೆ, ನಕ್ಷೆಯೂ ವಿಳಾಸವೂ ಹೋದಂತೆಯೇ. ಮುಂದಿನ ಎರಡು ವಿಳಾಸ ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡವನು ದಾರಿ ತಪ್ಪುವುದಿಲ್ಲ. ಮತ್ತೊಂದು ಸಂಗತಿ, ಮಗನ ಹಿತ್ತಿಲಲ್ಲಿ ಈಜುಕೊಳ ಇದ್ದರೆ ಇಳಿಯಿರಿ ಎಂದು ಕರೆಯಬೇಡಿ. ಈಜು ಅವರಿಗೆ ನಿಷೇಧ.

ಒಂದು ಅಪಾಯ ಮಾತ್ರ ನಿಮಗೂ ತಿಳಿದಿರಲಿ. ಬಾಗಿಲಿಗೆ ಬಂದವನು ಬರೀ ಸುಸ್ತಾಗಿ, ಬೆವರಿ, ತಲೆ ಸುತ್ತುತ್ತಿದೆ ಎಂದರೆ ನೆರಳಲ್ಲಿ ಕೂರಿಸಿ, ಟೈ ಸಡಿಲಿಸಲು ಹೇಳಿ, ತಣ್ಣನೆ ಉಪ್ಪು–ಸಕ್ಕರೆ ನೀರು ಕೊಡಿ, ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾನೆ. ಮಾತು ತೊದಲಿದರೆ, ತಾನೆಲ್ಲಿದ್ದೇನೆಂದು ತಿಳಿಯದಿದ್ದರೆ, ನಡೆಯುವಾಗ ಜೋಲಿ ಹೊಡೆದರೆ ಅದು ಹೀಟ್ ಸ್ಟ್ರೋಕ್, ಒಳಮೈ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದರೂ ಅದೇ. ಜೊತೆಗಾರನಿಗೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಲು ಹೇಳಿ, ಬಾಯಿಗೆ ಏನೂ ಹಾಕಬೇಡಿ, ಪೈಪು ಹಿಡಿದು ತಲೆಯಿಂದ ಕಾಲಿನವರೆಗೆ ನೀರು ಬಿಡಿ. ಪೈಪಿನಲ್ಲಿ ನಿಂತ ಮೊದಲ ನೀರು ಕುದಿಯುವಷ್ಟು ಕಾದಿರುತ್ತದೆ, ಅದನ್ನು ನೆಲಕ್ಕೆ ಬಿಟ್ಟು ಆಮೇಲೆ ಹಿಡಿಯಿರಿ. ಐಸನ್ನು ಒದ್ದೆ ಟವಲಿನಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಇಂಥ ಹೊತ್ತಲ್ಲಿ ಒಳಗೆ ಬರುವ ನಿಯಮ ಯಾರೂ ನೋಡುವುದಿಲ್ಲ. ಫೀನಿಕ್ಸ್ ಅಗ್ನಿಶಾಮಕ ದಳದವರೂ 2024ರಿಂದ ಐಸು ತುಂಬಿದ ಚೀಲದಲ್ಲೇ ರೋಗಿಯನ್ನು ಮಲಗಿಸಿ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ.

ಕೊಡುವುದೇನು ಎಂದಿರಿ. ನಿಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ಉಪ್ಪು, ಚಿಟಿಕೆ ಇಂಗು ಹಾಕಿದ ನೀರುಮಜ್ಜಿಗೆ ಆ ಬಿಸಿಲಿಗೆ ಹೇಳಿಮಾಡಿಸಿದ್ದು. ಹಸಿಮೆಣಸಿನಕಾಯಿ ಬೇಡ, ಹುಡುಗರು ಕಣ್ಣೀರು ಹಾಕುತ್ತಾರೆ. ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಸೇರಿಸಿ ಕೊಡಬಹುದು. ಕೊತ್ತಂಬರಿ–ಜೀರಿಗೆ ಕಷಾಯಕ್ಕೂ ಅಡ್ಡಿಯಿಲ್ಲ, ಅವರಿಗೆ ವರ್ಜ್ಯವಾದದ್ದು ಟೀ ಸೊಪ್ಪು ಮತ್ತು ಕಾಫಿ ಬೀಜ. ಆದರೆ ಯಾವುದರಿಂದ ಮಾಡಿದ್ದು ಎಂದು ಮೊದಲೇ ಹೇಳಿ, ಬಣ್ಣ ನೋಡಿ ಟೀ ಎಂದುಕೊಂಡು ಹಿಂಜರಿಯುತ್ತಾರೆ. ಖಾಲಿ ಬಾಟಲಿ ಇದ್ದರೆ ಕೇಳಿ ಇಸಿದುಕೊಂಡು ಐಸಿನ ಸಮೇತ ತುಂಬಿಕೊಡಿ, ಕೈಗೆ ಕೊಟ್ಟ ಒಂದು ಲೋಟಕ್ಕಿಂತ ಅದು ಹೆಚ್ಚು ದೂರ ಬರುತ್ತದೆ.

ನಮ್ಮವರು ಅವರಿಗೆ ತೊಂದರೆ ಕೊಡುವುದು ಒಂದೇ ವಿಷಯದಲ್ಲಿ, ದಾಕ್ಷಿಣ್ಯದಲ್ಲಿ. ಅವರ ಧರ್ಮದ ಮಾತು ಕೇಳುವ ಮನಸ್ಸಿಲ್ಲದಿದ್ದರೂ "ಇನ್ನೊಮ್ಮೆ ಬನ್ನಿ" ಎಂದು ಕಳಿಸುತ್ತೇವೆ. ಅದು ಹೊರಟವರಿಗೆ ಹೇಳುವ ಉಪಚಾರ ಎಂದು ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ವಾರ ಅದೇ ಬಿಸಿಲಲ್ಲಿ ಸೈಕಲ್ ತುಳಿದು ಬರುತ್ತಾರೆ. ಆಸಕ್ತಿ ಇಲ್ಲದಿದ್ದರೆ ನಗುತ್ತಲೇ "ನಮಗೆ ಬೇಡಪ್ಪ, ನೀರು ಕುಡಿದು ಹೋಗಿ" ಎಂದುಬಿಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತಾಡುವ ಮನಸ್ಸಿದ್ದರೆ ಮಗ ಮನೆಯಲ್ಲಿರುವ ದಿನ ನೋಡಿ, ಸಂಜೆ ಏಳರ ಮೇಲೆ ಬರಲು ಹೇಳಿ.